ಟೇಪನ್ನು ತಿರುಗುಮುರುಗಾಗಿ ಓಡಿಸಿದ ಕಾಲ: ಬ್ರಿಟಿಷ್ ಸೈಕೆಡೆಲಿಕ್ ಪಾಪ್ ಹುಟ್ಟಿ ಬೆಳೆದ ಬಗೆ

1965ರ ಅಕ್ಟೋಬರ್ ತಿಂಗಳು. ಲಂಡನ್ನಿನ ಅಬೇ ರೋಡ್‌ನಲ್ಲಿದ್ದ, ಇಎಂಐ ಎಂಬ ರೆಕಾರ್ಡ್ ಕಂಪನಿಯ ಸ್ಟುಡಿಯೊದಲ್ಲಿ ಬೀಟಲ್ಸ್ ಎಂಬ ನಾಲ್ವರ ಪಾಪ್ ತಂಡ ಒಂದು ಹಾಡನ್ನು ಮುದ್ರಿಸಿಕೊಳ್ಳುತ್ತಿತ್ತು. ಗಿಟಾರ್ ನುಡಿಸಬೇಕಿದ್ದ ಜಾರ್ಜ್ ಹ್ಯಾರಿಸನ್ ಕೈಯಲ್ಲಿ ಅಂದು ಸಿತಾರ್ ಇತ್ತು. ಅದನ್ನು ಅವರು ಯಾವ ಗುರುವಿನಿಂದಲೂ ಪಡೆದಿರಲಿಲ್ಲ, ಲಂಡನ್ನಿನ ಅಂಗಡಿಯೊಂದರಲ್ಲಿ ಕೊಂಡಿದ್ದರು. ನುಡಿಸುವಾಗ ಅದರ ತಂತಿ ಕಡಿಯಿತು. ಆ ಊರಲ್ಲಿ ಸಿತಾರಿನ ತಂತಿ ಎಲ್ಲಿ ಸಿಗುತ್ತದೆ ಎಂದು ಅಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ವಿಚಾರಿಸುತ್ತ ಹೋದಾಗ ಸಿಕ್ಕ ಹೆಸರು ಅಯನ ಅಂಗಡಿ.

ಅಂಗಡಿ ಎಂಬ ಅಡ್ಡಹೆಸರು ಕಂಡ ಕೂಡಲೇ ಕನ್ನಡ ಓದುಗರಿಗೆ ಸೀಮೆ ಯಾವುದೆಂದು ಹೊಳೆದಿರುತ್ತದೆ. ಅಯನ ದೇವ ಅಂಗಡಿಯವರು ಕರ್ನಾಟಕದ ಜಕನೂರಿನಲ್ಲಿ ಹುಟ್ಟಿದವರು. 1920ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲೇ ನೆಲೆಸಿದರು. ಪತ್ನಿ ಪೆಟ್ರೀಷಿಯಾ ಜೊತೆಗೂಡಿ 1946ರಲ್ಲಿ ಏಷ್ಯನ್ ಮ್ಯೂಸಿಕ್ ಸರ್ಕಲ್ ಎಂಬ ಸಂಸ್ಥೆ ಕಟ್ಟಿದರು. ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರಾಗಿದ್ದರು. ಹಿಂದೂಸ್ತಾನಿ ಕಲಾವಿದರ ಕಛೇರಿಗಳನ್ನು ಲಂಡನ್ನಿನಲ್ಲಿ ಏರ್ಪಡಿಸುತ್ತಿದ್ದ ಮನೆ ಅದು. ಅಂಗಡಿ ಕುಟುಂಬದವರು ತಂತಿಯನ್ನು ತಾವೇ ಸ್ಟುಡಿಯೊಗೆ ಒಯ್ದು ಕೊಟ್ಟರು, ಕುಳಿತು ಧ್ವನಿಮುದ್ರಣ ನೋಡಿದರು. ಪೆಟ್ರೀಷಿಯಾ ಅಲ್ಲೇ ಬೀಟಲ್ಸ್ ನಾಲ್ವರ ರೇಖಾಚಿತ್ರ ಬರೆದರು. 'ನಾರ್ವೀಜಿಯನ್ ವುಡ್' ಎಂಬ ಆ ಹಾಡು ಡಿಸೆಂಬರಿನಲ್ಲಿ ಹೊರಬಂತು.

ಮುಂದಿನ ಮೂರು ವರ್ಷಗಳಲ್ಲಿ ಬ್ರಿಟನ್ನಿನ ಪಾಪ್ ಹಾಡು ಗುರುತು ಸಿಗದಷ್ಟು ಬದಲಾಯಿತು. ಆ ಬದಲಾವಣೆಗೆ ಇಂದು 'ಸೈಕೆಡೆಲಿಕ್ ಪಾಪ್' ಎಂಬ ಹೆಸರಿದೆ. ಬೀಟಲ್ಸ್‌ನ ನಾಲ್ವರ ಬಗ್ಗೆ ನಿರ್ದೇಶಕ ಸ್ಯಾಮ್ ಮೆಂಡಿಸ್ ನಾಲ್ಕು ಸಿನಿಮಾಗಳನ್ನು ಕೈಗೆತ್ತಿಕೊಂಡ ಮೇಲೆ ಈ ಹೆಸರು ಮತ್ತೆ ಎಲ್ಲರ ಬಾಯಲ್ಲಿದೆ. ಮೊಬೈಲಿನಲ್ಲಿ ಹಾಡು ಕೇಳುವ ಹುಡುಗ ಹುಡುಗಿಯರ ಪಟ್ಟಿಗಳಲ್ಲೂ ಅದು ಬರುತ್ತಿದೆ. ಹಾಗೆಂದರೆ ಏನು? ಬ್ರಿಟನ್ನಿನಲ್ಲೇ ಅದು ಆ ರೂಪ ತಾಳಿದ್ದೇಕೆ? ಎರಡು ಮೂರು ವರ್ಷಕ್ಕೇ ಮುಗಿದದ್ದೇಕೆ?

ಪದ ಬಂದದ್ದು ಆಸ್ಪತ್ರೆಯಿಂದ

'ಸೈಕೆಡೆಲಿಕ್' ಸಂಗೀತಗಾರರು ಕಟ್ಟಿದ ಪದವಲ್ಲ. ಕೆನಡಾದಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಮನೋವೈದ್ಯ ಹಂಫ್ರಿ ಆಸ್ಮಂಡ್, ಲೇಖಕ ಆಲ್ಡಸ್ ಹಕ್ಸ್‌ಲಿ ಜೊತೆ 1956ರಲ್ಲಿ ನಡೆಸಿದ ಪತ್ರ ವ್ಯವಹಾರದಲ್ಲಿ ಇದನ್ನು ಕಟ್ಟಿದರು. ಗ್ರೀಕ್ ಭಾಷೆಯ ಎರಡು ಪದಗಳು ಸೇರಿ ಆದದ್ದು ಇದು. ಮನಸ್ಸನ್ನು ತೆರೆದು ತೋರಿಸುವಂಥದ್ದು ಎಂದು ಅರ್ಥ. ಅವರು ಹೆಸರಿಡಲು ಹುಡುಕುತ್ತಿದ್ದದ್ದು ಎಲ್‌ಎಸ್‌ಡಿಯಂಥ ರಾಸಾಯನಿಕಗಳಿಗೆ. ಎಲ್‌ಎಸ್‌ಡಿಯನ್ನು ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ತಯಾರಿಸಿದ್ದರು. ಅದು ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂದು ತಿಳಿದದ್ದು 1943ರಲ್ಲಿ. ಸೇವಿಸಿದವರಿಗೆ ಬಣ್ಣ ಗಾಢವಾಗಿ ಕಾಣುತ್ತದೆ, ಕಾಲ ಎಳೆದಂತಾಗುತ್ತದೆ, ಶಬ್ದಕ್ಕೆ ಆಕಾರವಿದೆ ಅನ್ನಿಸುತ್ತದೆ. ಕೆಲವರಿಗೆ ಭಯಂಕರ ಭ್ರಮೆಗಳೂ ಆಗುತ್ತವೆ. ಬ್ರಿಟನ್ನಿನಲ್ಲಿ ಅದನ್ನು ಕಾನೂನು ನಿಷೇಧಿಸಿದ್ದು 1966ರಲ್ಲಿ.

'ಪಾಪ್' ಎಂದರೆ ಜನರು ಗುನುಗಬಲ್ಲ ಚಿಕ್ಕ ಹಾಡು. ಅಂದು ಅದು ಮಾರಾಟವಾಗುತ್ತಿದ್ದದ್ದು ಏಳಿಂಚಿನ ಸಣ್ಣ ತಟ್ಟೆಯಲ್ಲಿ, ಒಂದೊಂದು ಬದಿಗೆ ಒಂದೊಂದು ಹಾಡಿನಂತೆ. ಅದಕ್ಕೆ 'ಸಿಂಗಲ್' ಎನ್ನುತ್ತಾರೆ. ಉದ್ದ ಸುಮಾರು ಮೂರು ನಿಮಿಷ. ನಮ್ಮ ಹಳೆಯ ಚಿತ್ರಗೀತೆಗಳು ಮೂರು ಮೂರೂವರೆ ನಿಮಿಷಕ್ಕೆ ಮುಗಿಯುತ್ತಿದ್ದದ್ದಕ್ಕೂ ಗ್ರಾಮಫೋನ್ ತಟ್ಟೆಯ ಅಳತೆಯೇ ಕಾರಣ.

ಈ ಎರಡನ್ನೂ ಸೇರಿಸಿದರೆ ಸಿಗುವುದು ಇಷ್ಟು: ಮನಸ್ಸಿನ ಲಯ ತಪ್ಪಿದಾಗ, ಕನಸಿನಲ್ಲಿದ್ದಾಗ, ಅಥವಾ ಮಗುವಿನ ಕಣ್ಣಿಂದ ಕಂಡಾಗ ಜಗತ್ತು ಹೇಗಿರುತ್ತದೋ ಅದನ್ನು ಕಿವಿಗೆ ತಲುಪಿಸುವ ಮೂರು ನಿಮಿಷದ ಹಾಡು. ಇದರ ಹಿಂದೆ ಮಾದಕ ವಸ್ತು ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಇಡೀ ಕಥೆಯನ್ನು ಅದಕ್ಕೇ ಕಟ್ಟಿಹಾಕಿದರೆ ಕೆಲಸ ಮಾಡಿದವರಿಗೆ ಅನ್ಯಾಯವಾಗುತ್ತದೆ. ಅಬೇ ರೋಡ್‌ನಲ್ಲಿ ಈ ಶಬ್ದಗಳನ್ನು ನಿಜವಾಗಿ ಕಟ್ಟಿದವರಲ್ಲಿ ಟೈ ಕಟ್ಟಿಕೊಂಡು ಬರುತ್ತಿದ್ದ ನಿರ್ಮಾಪಕ ಜಾರ್ಜ್ ಮಾರ್ಟಿನ್ ಇದ್ದರು, ಬಿಳಿ ಕೋಟು ತೊಟ್ಟ ತಂತ್ರಜ್ಞರಿದ್ದರು. ನನಗೆ ತಿಳಿದಂತೆ ಈ ಸಂಗೀತ ಮದ್ದಿಗಿಂತ ಹೆಚ್ಚು ಋಣಿಯಾಗಿರುವುದು ಶಬ್ದ ಹಿಡಿದಿಡುವ ಕಂದು ಬಣ್ಣದ ಟೇಪಿಗೆ.

ಒಂದೇ ಶ್ರುತಿ ಹಿಡಿದು ನಿಂತದ್ದು

ಬದಲಾವಣೆಯ ಮೊದಲ ಸದ್ದು ಕೇಳಿದ್ದು 1965ರಲ್ಲಿ, ಅದೂ ಪೂರ್ವ ದಿಕ್ಕಿನಿಂದ. ಕಿಂಕ್ಸ್ ತಂಡದ ರೇ ಡೇವಿಸ್ ಆಸ್ಟ್ರೇಲಿಯಾಕ್ಕೆ ಹೋಗುವ ದಾರಿಯಲ್ಲಿ ಮುಂಬಯಿಯಲ್ಲಿ ಇಳಿದಿದ್ದರು. ಬೆಳಗಿನ ಜಾವ ಬೆಸ್ತರು ಹಾಡಿಕೊಂಡು ಕೆಲಸಕ್ಕೆ ಹೋಗುವುದು ಕಿವಿಗೆ ಬಿತ್ತು. ಆ ನೆನಪಿನಿಂದ ಹುಟ್ಟಿದ 'ಸೀ ಮೈ ಫ್ರೆಂಡ್ಸ್' ಜುಲೈನಲ್ಲಿ ಹೊರಬಂತು. ಅದರಲ್ಲಿ ಸಿತಾರ್ ಇಲ್ಲ. ಗಿಟಾರೇ ತಂಬೂರಿಯಂತೆ ಗುಂಯ್‌ಗುಡುತ್ತದೆ. ಅದೇ ವರ್ಷ ಯಾರ್ಡ್‌ಬರ್ಡ್ಸ್ ತಂಡ 'ಹಾರ್ಟ್ ಫುಲ್ ಆಫ್ ಸೋಲ್' ಹಾಡಿಗೆ ಸಿತಾರ್ ವಾದಕರೊಬ್ಬರನ್ನು ಸ್ಟುಡಿಯೊಗೆ ಕರೆಸಿತ್ತು. ಬೇಕಾದ ಪೆಟ್ಟು ಬರಲಿಲ್ಲ. ಕೊನೆಗೆ ತಂಡದ ಗಿಟಾರ್ ವಾದಕ ಜೆಫ್ ಬೆಕ್ ಅದೇ ನಾದವನ್ನು ಗಿಟಾರಿನಲ್ಲಿ ತೆಗೆದರು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಪಾಶ್ಚಾತ್ಯ ಪಾಪ್ ಹಾಡು ನಡೆಯುವುದು 'ಕಾರ್ಡ್'ಗಳ ಮೇಲೆ. ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಮೂರು ನಾಲ್ಕು ಸ್ವರಗಳ ಗುಂಪು. ಹಾಡು ಸಾಗಿದಂತೆ ಗುಂಪು ಬದಲಾಗುತ್ತ ಹೋಗುತ್ತದೆ, ಕೇಳುಗನ ಕಾಲ ಕೆಳಗಿನ ಮೆಟ್ಟಿಲು ಬದಲಾದ ಹಾಗೆ. ನಮ್ಮ ಸಂಗೀತದಲ್ಲಿ ಮೆಟ್ಟಿಲು ಬದಲಾಗುವುದಿಲ್ಲ. ಶ್ರುತಿಪೆಟ್ಟಿಗೆ ಆರಂಭದಿಂದ ಮಂಗಳದವರೆಗೆ ಒಂದೇ ಆಧಾರ ಷಡ್ಜ ಹಿಡಿದಿರುತ್ತದೆ. ಗಾಯಕರು ಎಲ್ಲಿ ಸುತ್ತಿ ಬಂದರೂ ನೆಲ ಅದೇ. ಕಾರ್ಡ್ ಬದಲಾವಣೆಗೆ ಒಗ್ಗಿದ ಇಂಗ್ಲಿಷ್ ಕಿವಿಗೆ ಈ ನಿಶ್ಚಲತೆ ಹೊಸದು. ಕಾಲ ನಿಂತುಬಿಟ್ಟಿದೆ ಅನ್ನಿಸುವ ಅನುಭವವನ್ನು ಹಾಡಿನಲ್ಲಿ ತರಬೇಕೆಂದು ಒದ್ದಾಡುತ್ತಿದ್ದವರಿಗೆ ಅದು ಸಿದ್ಧ ದಾರಿಯಾಗಿ ಸಿಕ್ಕಿತು. ಅವರಿಗೆ ವಿಸ್ಮಯವಾಗಿ ಕಂಡದ್ದು ನಮ್ಮಲ್ಲಿ ದಿನಾ ಸಂಜೆ ಭಜನೆಯಲ್ಲಿ ಕೇಳುವ ಸಂಗತಿ.

1966ರ ಜೂನಿನಲ್ಲಿ ಅಂಗಡಿ ದಂಪತಿಯ ಮನೆಯಲ್ಲೇ ಹ್ಯಾರಿಸನ್ ಪಂಡಿತ್ ರವಿಶಂಕರ್ ಅವರನ್ನು ಭೇಟಿಯಾದರು. ಸೆಪ್ಟೆಂಬರಿನಲ್ಲಿ ಭಾರತಕ್ಕೆ ಬಂದು ಅವರ ಬಳಿ ಪಾಠಕ್ಕೆ ಕುಳಿತರು. ಆ ವರ್ಷದ 'ರಿವಾಲ್ವರ್' ಎಲ್‌ಪಿಯಲ್ಲಿನ, ಅಂದರೆ ಹತ್ತಾರು ಹಾಡು ಹಿಡಿಸುವ ದೊಡ್ಡ ತಟ್ಟೆಯಲ್ಲಿನ, 'ಲವ್ ಯೂ ಟು' ಹಾಡಿಗೆ ತಬಲಾ ನುಡಿಸಿದವರು ಅನಿಲ್ ಭಾಗವತ್. ಅವರ ಹೆಸರು ಕವರಿನ ಮೇಲೆ ಅಚ್ಚಾಯಿತು. ಮರುವರ್ಷದ 'ವಿದಿನ್ ಯೂ ವಿದೌಟ್ ಯೂ' ಹಾಡಿನ ಭಾರತೀಯ ವಾದಕರಿಗೆ ಆ ಭಾಗ್ಯವಿರಲಿಲ್ಲ. ಕಮಾನಿನಿಂದ ನುಡಿಸುವ ತಂತಿವಾದ್ಯ ದಿಲ್‌ರುಬಾ ನುಡಿಸಿದ ಅಣ್ಣಾ ಜೋಶಿ ಮತ್ತು ಅಮೃತ್ ಗಜ್ಜರ್, ತಂಬೂರಿ ಹಿಡಿದ ಬುದ್ಧದೇವ್ ಕನ್ಸಾರಾ, ತಬಲಾದ ನಟವರ್ ಸೋನಿ. ಈ ನಾಲ್ಕು ಹೆಸರು ಬೆಳಕಿಗೆ ಬರಲು 2017ರವರೆಗೆ, ಅಂದರೆ ಐವತ್ತು ವರ್ಷ ಕಾಯಬೇಕಾಯಿತು. ಅದಕ್ಕೇ ಅವನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ.

ಸಿತಾರ್ ಬೇಗನೆ ಫ್ಯಾಷನ್ ಆಯಿತು. ರೋಲಿಂಗ್ ಸ್ಟೋನ್ಸ್, ಟ್ರಾಫಿಕ್ ಎಲ್ಲರ ಹಾಡಿನಲ್ಲೂ ಬಂತು. ತಮ್ಮ ಸಂಗೀತವನ್ನು ಅಮಲಿನ ಜೊತೆ ಜೋಡಿಸುವುದನ್ನು ಮಾತ್ರ ರವಿಶಂಕರ್ ಕೊನೆಯವರೆಗೂ ಒಪ್ಪಲಿಲ್ಲ.

ನಾಲ್ಕು ಒಲೆಯ ಅಡುಗೆಮನೆ

ಇನ್ನು ಸ್ಟುಡಿಯೊದ ಒಳಗೆ ಹೋಗೋಣ. ವಿಷಯದ ತಿರುಳು ಇರುವುದು ಇಲ್ಲಿ.

1963ರ ಫೆಬ್ರವರಿ 11ರಂದು ಬೀಟಲ್ಸ್ ತಮ್ಮ ಮೊದಲ ಎಲ್‌ಪಿಯ ಹತ್ತು ಹಾಡುಗಳನ್ನು ಒಂದೇ ದಿನದಲ್ಲಿ ಮುದ್ರಿಸಿ ಮುಗಿಸಿದ್ದರು. ವೇದಿಕೆಯಲ್ಲಿ ಹಾಡುವುದನ್ನೇ ಸ್ಟುಡಿಯೊದಲ್ಲೂ ಹಾಡುವುದು, ಯಂತ್ರ ಅದನ್ನು ಹಿಡಿದಿಡುವುದು, ಅಷ್ಟೇ. ಸ್ಟುಡಿಯೊ ಆಗ ಒಂದು ಕ್ಯಾಮೆರಾ ಇದ್ದಂತೆ. 1966ರ ಹೊತ್ತಿಗೆ ಅದು ಚಿತ್ರಕಾರನ ಹಲಗೆಯಾಯಿತು. ಇದಕ್ಕೆ ಕಾರಣವೂ ಇತ್ತು. ಕಿರುಚಾಟದ ನಡುವೆ ತಮ್ಮ ಹಾಡೇ ತಮಗೆ ಕೇಳದ ಕಛೇರಿಗಳಿಂದ ಬೀಟಲ್ಸ್ ಬೇಸತ್ತಿದ್ದರು. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಾಡಿದ್ದೇ ಅವರ ಪ್ರವಾಸದ ಕೊನೆಯ ಕಛೇರಿ. ಆಮೇಲೆ ವೇದಿಕೆಯಲ್ಲಿ ನುಡಿಸಲಾಗದ ಹಾಡನ್ನೂ ಧೈರ್ಯವಾಗಿ ಮಾಡಬಹುದಿತ್ತು.

ಕೈಲಿದ್ದ ಸಾಧನ ಮಾತ್ರ ಬಡವಾದದ್ದು. ಇಂದು ಮೊಬೈಲಿನಲ್ಲೇ ಹತ್ತಾರು ಪದರಗಳಲ್ಲಿ ಧ್ವನಿ ಮುದ್ರಿಸಬಹುದು. ಅಂದು ಅಬೇ ರೋಡ್‌ನ ಟೇಪಿನಲ್ಲಿ ಇದ್ದದ್ದು ನಾಲ್ಕು ಪದರ. ನಾಲ್ಕೇ ಒಲೆಯಲ್ಲಿ ಮದುವೆ ಅಡುಗೆ ಮಾಡುವ ಹಾಗೆ. ನಾಲ್ಕೂ ತುಂಬಿದ ಮೇಲೆ ಇನ್ನೊಂದು ವಾದ್ಯ ಸೇರಿಸಬೇಕೆಂದರೆ, ಇರುವ ನಾಲ್ಕನ್ನೂ ಬೆರೆಸಿ ಬೇರೊಂದು ಟೇಪಿನ ಒಂದೆರಡು ಪದರಕ್ಕೆ ಇಳಿಸಬೇಕು. ಆಗ ಉಳಿದ ಪದರ ಖಾಲಿಯಾಗುತ್ತದೆ. ಒಮ್ಮೆ ಬೆರೆಸಿದ್ದನ್ನು ಮತ್ತೆ ಬಿಡಿಸುವಂತಿಲ್ಲ, ಸಾರಿಗೆ ಬಿದ್ದ ಉಪ್ಪಿನ ಹಾಗೆ. ಆದ್ದರಿಂದ ಪ್ರತಿ ಹಂತದಲ್ಲೂ ಇದು ಹೀಗೇ ಇರಬೇಕು ಎಂದು ಅಲ್ಲಿಯೇ ತೀರ್ಮಾನಿಸಬೇಕಿತ್ತು.

1966ರ ಏಪ್ರಿಲ್ 6ರಂದು ಶುರುವಾದ 'ಟುಮಾರೊ ನೆವರ್ ನೋಸ್' ಹಾಡಿನಲ್ಲಿ ಇವೆಲ್ಲ ಒಟ್ಟಿಗೆ ಸ್ಫೋಟಿಸಿದವು. ಹಾಡು ಬಹುಮಟ್ಟಿಗೆ ಒಂದೇ ಆಧಾರ ಸ್ವರದ ಮೇಲೆ ನಿಲ್ಲುತ್ತದೆ, ಹಿನ್ನೆಲೆಗೆ ತಂಬೂರಿಯೂ ಇದೆ. ಬೆಟ್ಟದ ತುದಿಯಿಂದ ದಲೈ ಲಾಮಾ ಮಂತ್ರ ಪಠಿಸುವಂತೆ ತನ್ನ ದನಿ ಕೇಳಬೇಕು ಎಂದು ಬೀಟಲ್ಸ್‌ನ ಜಾನ್ ಲೆನನ್ ಕೇಳಿದ್ದರು. ಎಂಜಿನಿಯರ್ ಜೆಫ್ ಎಮೆರಿಕ್‌ಗೆ ಆಗ ಇಪ್ಪತ್ತು ವರ್ಷ. ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ವಾದ್ಯಕ್ಕೆ ಜೋಡಿಸುವ, ಒಳಗೆ ಗಿರಗಿರ ತಿರುಗುವ ಸ್ಪೀಕರ್ ಪೆಟ್ಟಿಗೆಯ ಮೂಲಕ ಅವರು ಲೆನನ್ ದನಿಯನ್ನು ಹಾಯಿಸಿದರು. ತಿರುಗುವ ಟೇಬಲ್ ಫ್ಯಾನಿನ ಮುಂದೆ ಬಾಯಿಟ್ಟು 'ಆ' ಅಂದ ಮಕ್ಕಳಿಗೆಲ್ಲ ಗೊತ್ತಿರುವ ನಡುಕ ಅದು.

ಅದೇ ಹಾಡಿನಲ್ಲಿ ಹಕ್ಕಿ ಕೂಗಿದಂತೆ ಕೇಳುವ ಸದ್ದುಗಳಿವೆ. ಅವು 'ಟೇಪ್ ಲೂಪ್'. ಚಿಕ್ಕ ಟೇಪಿನ ತುಂಡನ್ನು ತುದಿಗೆ ತುದಿ ಅಂಟಿಸಿ ಬಳೆಯಂತೆ ಮಾಡಿದರೆ, ಅದರಲ್ಲಿರುವ ಸದ್ದು ಕೊನೆಯಿಲ್ಲದೆ ಸುತ್ತುತ್ತದೆ. ಬೀಟಲ್ಸ್‌ನ ಇನ್ನೊಬ್ಬ ಸದಸ್ಯ ಪಾಲ್ ಮೆಕಾರ್ಟ್ನಿ ಇಂಥವನ್ನು ಮನೆಯಲ್ಲೇ ತಯಾರಿಸಿ ತಂದರು. ಸ್ಟುಡಿಯೊ ಕಟ್ಟಡದ ಬೇರೆ ಬೇರೆ ಯಂತ್ರಗಳಿಗೆ ಇವನ್ನು ಏರಿಸಿ, ಸಿಬ್ಬಂದಿ ಪೆನ್ಸಿಲಿನಿಂದ ಟೇಪನ್ನು ಬಿಗಿಯಾಗಿ ಹಿಡಿದು ನಿಂತರು. ಐದು ಲೂಪು ಒಟ್ಟಿಗೆ ಓಡುತ್ತಿರುವಾಗ ಬೇಕಾದಾಗ ಬೇಕಾದ್ದನ್ನು ಏರಿಸಿ ಇಳಿಸಿ ಬೆರೆಸಿದರು. ಹಾಗಾಗಿ ಆ ಮಿಶ್ರಣವನ್ನು ಅದೇ ರೀತಿ ಮತ್ತೊಮ್ಮೆ ಮಾಡಲು ಸಾಧ್ಯವೇ ಇಲ್ಲ.

ಉಳಿದ ಕೈಚಳಕಗಳೂ ಟೇಪಿನವೇ. ಟೇಪನ್ನು ಹಿಂದುಮುಂದಾಗಿ ಓಡಿಸಿದರೆ ಗಿಟಾರಿನ ನಾದ ಕ್ಷೀಣವಾಗಿ ಹುಟ್ಟಿ ಉಬ್ಬಿ ಥಟ್ಟನೆ ಕಡಿಯುತ್ತದೆ. ಟೇಪಿನ ವೇಗ ಇಳಿಸಿದರೆ ಲಯ ನಿಧಾನವಾಗುವುದರ ಜೊತೆಗೆ ಶ್ರುತಿಯೂ ಕುಸಿಯುತ್ತದೆ. ಬ್ಯಾಟರಿ ಇಳಿದ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಕೇಳಿದ ತಲೆಮಾರಿಗೆ ಇದನ್ನು ವಿವರಿಸಬೇಕಿಲ್ಲ. ಒಂದೇ ದನಿಯನ್ನು ಎರಡು ಸಲ ಹಾಡಿಸಿ ಸೇರಿಸಿದರೆ ದನಿಗೆ ಮೈ ಬರುತ್ತದೆ. ಎರಡೆರಡು ಸಲ ಹಾಡಲು ಲೆನನ್‌ಗೆ ಬೇಸರ. ಇಎಂಐ ತಂತ್ರಜ್ಞ ಕೆನ್ ಟೌನ್‌ಸೆಂಡ್ 1966ರಲ್ಲಿ ಒಂದು ಉಪಾಯ ಕಂಡುಹಿಡಿದರು: ಅದೇ ದನಿಯನ್ನು ಇನ್ನೊಂದು ಯಂತ್ರದ ಮೂಲಕ ಕೂದಲೆಳೆಯಷ್ಟು ತಡಮಾಡಿ ಮತ್ತೆ ಸೇರಿಸುವುದು. ಎರಡು ಯಂತ್ರಗಳ ವೇಗವನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿದರೆ ಸದ್ದು ತಲೆಯ ಮೇಲೆ ವಿಮಾನ ಹಾದುಹೋದಂತೆ ಸುಯ್ಯೆಂದು ಜಾರುತ್ತದೆ. ಸ್ಮಾಲ್ ಫೇಸಸ್ ತಂಡದ 'ಇಚಿಕೂ ಪಾರ್ಕ್' ಹಾಡಿನ ಡ್ರಮ್ಮಿನಲ್ಲಿ ಕೇಳುವುದು ಇದನ್ನೇ. 1967ರಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೊದಲ್ಲಿ ಎಂಜಿನಿಯರ್ ಜಾರ್ಜ್ ಕಿಯಾಂಟ್ಸ್ ಮಾಡಿದ್ದು ಅದು.

ಹಾರ್ಮೋನಿಯಂನಂತೆ ಮನೆಗಳಿರುವ ಮೆಲೋಟ್ರಾನ್ ಎಂಬ ವಾದ್ಯವೂ ಟೇಪಿನದೇ ಕೂಸು. ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾಗುತ್ತಿದ್ದ ಇದರ ಪ್ರತಿ ಮನೆಯ ಕೆಳಗೆ ಒಂದು ಟೇಪಿನ ಪಟ್ಟಿ. ಅದರಲ್ಲಿ ಕೊಳಲೋ ಪಿಟೀಲೋ ಆ ಒಂದು ಸ್ವರವನ್ನು ನುಡಿದಿರುತ್ತದೆ. ಮನೆ ಒತ್ತಿದರೆ ಪಟ್ಟಿ ಓಡುತ್ತದೆ. ಎಂಟು ಸೆಕೆಂಡಿಗೆ ಪಟ್ಟಿ ಮುಗಿಯುತ್ತದೆ, ಬೆರಳೆತ್ತಿ ಮತ್ತೆ ಒತ್ತಬೇಕು. ಆ ನಾದದಲ್ಲಿ ನಿಜವಾದ ಕೊಳಲಿನ ಉಸಿರಿಲ್ಲ, ಯಂತ್ರದ ಸ್ಥಿರತೆಯೂ ಇಲ್ಲ. ಎಲ್ಲೋ ದೂರದ ನೆನಪಿನಿಂದ ಬಂದಂತೆ ಸ್ವಲ್ಪ ನಡುಗುತ್ತದೆ. 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಶುರುವಾಗುವುದು ಈ ಕೊಳಲಿನಿಂದ.

1967ರ ಫೆಬ್ರವರಿಯಲ್ಲಿ ಬಂದ ಆ ಹಾಡಿನ ಹಿಂದೆ ಇನ್ನೊಂದು ಸಾಹಸವಿದೆ. ಅದನ್ನು ಎರಡು ಬಗೆಯಲ್ಲಿ ಮುದ್ರಿಸಿದ್ದರು. ಒಂದು ತಗ್ಗು ಶ್ರುತಿಯ ನಿಧಾನದ್ದು. ಇನ್ನೊಂದು ಏರು ಶ್ರುತಿಯ ವೇಗದ್ದು, ತುತ್ತೂರಿ ಮತ್ತು ದೊಡ್ಡ ಪಿಟೀಲಿನಂಥ ಚೆಲ್ಲೊಗಳಿದ್ದದ್ದು. ಮೊದಲನೆಯದರ ಆರಂಭ, ಎರಡನೆಯದರ ಮುಂದಿನ ಭಾಗ ಎರಡೂ ಬೇಕು ಎಂದರು ಲೆನನ್. ಶ್ರುತಿ ಬೇರೆ, ಲಯ ಬೇರೆ, ಸೇರುವುದು ಹೇಗೆ? ಟೇಪಿನ ವೇಗ ಬದಲಿಸಿದರೆ ಶ್ರುತಿ ಮತ್ತು ಲಯ ಒಟ್ಟಿಗೆ ಬದಲಾಗುತ್ತವಲ್ಲ, ಅದೇ ಇಲ್ಲಿ ಕೈಹಿಡಿಯಿತು. ವೇಗದ್ದು ಏರು ಶ್ರುತಿಯಲ್ಲಿದ್ದದ್ದೇ ಅದೃಷ್ಟ: ಅದನ್ನು ನಿಧಾನಗೊಳಿಸುತ್ತ ಬಂದಾಗ ಶ್ರುತಿಯೂ ಇಳಿದು ಎರಡೂ ಒಂದಕ್ಕೊಂದು ಹೊಂದಿದವು. ಮಾರ್ಟಿನ್ ಮತ್ತು ಎಮೆರಿಕ್ ಟೇಪನ್ನು ಕತ್ತರಿಸಿ ಅಂಟಿಸಿದರು.

ಮದ್ದಿನ ಹಾಡಿನಲ್ಲಿ ಅಜ್ಜಿಮನೆ ಏಕೆ?

ಅದೇ ಕಾಲದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಸೈಕೆಡೆಲಿಕ್ ಸಂಗೀತ ಇತ್ತು. ಅಲ್ಲಿನ ತಂಡಗಳು ವೇದಿಕೆಯಲ್ಲಿ ಒಂದೇ ಹಾಡನ್ನು ಗಂಟೆಯ ಕಾಲುಭಾಗ ಬೆಳೆಸುತ್ತಿದ್ದವು. ತಲೆಯ ಮೇಲೆ ವಿಯೆಟ್ನಾಂ ಯುದ್ಧ ತೂಗುತ್ತಿತ್ತು, ಅಲ್ಲಿನ ಹುಡುಗರಿಗೆ ಸೇನೆಯ ಕರೆ ಬರುತ್ತಿತ್ತು. ಬ್ರಿಟನ್ನಿನಲ್ಲಿ ಕಡ್ಡಾಯ ಸೇನಾಸೇವೆಗೆ ಕರೆಯುವುದು 1960ಕ್ಕೇ ನಿಂತಿತ್ತು. ಅಲ್ಲಿನ ಹಾಡುಗಳು ಮುಖ ಮಾಡಿದ್ದು ಬಾಲ್ಯದ ಕಡೆಗೆ.

ಸ್ಟ್ರಾಬೆರಿ ಫೀಲ್ಡ್ ಎಂಬುದು ಲಿವರ್‌ಪೂಲಿನಲ್ಲಿ ಲೆನನ್ ಬೆಳೆದ ಮನೆಯ ಹತ್ತಿರವಿದ್ದ ಅನಾಥಾಲಯದ ಹೆಸರು. ಅದೇ ತಟ್ಟೆಯ ಇನ್ನೊಂದು ಬದಿಯ 'ಪೆನಿ ಲೇನ್' ಅದೇ ಊರಿನ ಬೀದಿ. ಮೆಕಾರ್ಟ್ನಿ ಅದರಲ್ಲಿ ಕ್ಷೌರಿಕನನ್ನೂ ಅಗ್ನಿಶಾಮಕದವನನ್ನೂ ಸಾಲಾಗಿ ನಿಲ್ಲಿಸುತ್ತಾರೆ. ಪಿಂಕ್ ಫ್ಲಾಯ್ಡ್ ತಂಡದ ಮೊದಲ ಎಲ್‌ಪಿಗೆ ತಂಡದ ಗಾಯಕ ಸಿಡ್ ಬ್ಯಾರೆಟ್ ಇಟ್ಟ ಹೆಸರು ಕೆನೆತ್ ಗ್ರಹಾಮ್ ಬರೆದ ಮಕ್ಕಳ ಕಥೆಪುಸ್ತಕದ ಒಂದು ಅಧ್ಯಾಯದ್ದು. ಅದರೊಳಗಿನ ಹಾಡುಗಳಲ್ಲಿ ಕುಬ್ಜನಿದ್ದಾನೆ, ಬೆರ್ಚಪ್ಪನಿದ್ದಾನೆ, ಸೈಕಲ್ಲಿದೆ. ಲೆನನ್ 1967ರ ಆರಂಭದಲ್ಲಿ ಕೆಂಟ್ ಪ್ರಾಂತದ ಹಳೆ ಸಾಮಾನಿನ ಅಂಗಡಿಯಲ್ಲಿ 1843ರ ಸರ್ಕಸ್ ಪೋಸ್ಟರೊಂದನ್ನು ಕೊಂಡರು. ಅದರ ಸಾಲುಗಳನ್ನೇ ಹೆಚ್ಚುಕಡಿಮೆ ಎತ್ತಿಕೊಂಡು ಹಾಡು ಕಟ್ಟಿದರು. ಸರ್ಕಸ್ ಮೈದಾನದ ಗದ್ದಲ ಬೇಕಾದಾಗ ಮಾರ್ಟಿನ್ ಹಳೆಯ ಆರ್ಗನ್ ಟೇಪುಗಳನ್ನು ತುಂಡು ಮಾಡಿಸಿ, ಮೇಲಕ್ಕೆ ಎಸೆದು, ಬಿದ್ದ ಹಾಗೇ ಅಂಟಿಸಿಸಿದರು.

ಇಷ್ಟೊಂದು ಹಿಂದಕ್ಕೆ ನೋಡಿದ್ದು ಏಕೆ? ಈ ಹುಡುಗರಲ್ಲಿ ಹೆಚ್ಚಿನವರು ಹುಟ್ಟಿದ್ದು ಎರಡನೇ ಮಹಾಯುದ್ಧದ ಬಾಂಬುಗಳ ನಡುವೆ, ಬೆಳೆದದ್ದು ರೇಷನ್ ಕಾಲದಲ್ಲಿ. ಲೂಯಿಸ್ ಕ್ಯಾರಲ್, ಎಡ್ವರ್ಡ್ ಲಿಯರ್ ಬರೆದ ಅಸಂಬದ್ಧ ಪದ್ಯಗಳು, ಅಜ್ಜಿ ತಾತಂದಿರ ಕಾಲದ 'ಮ್ಯೂಸಿಕ್ ಹಾಲ್' ಎಂಬ ಹಾಡು-ಹಾಸ್ಯದ ರಂಗಶಾಲೆಗಳ ಪದಗಳು ಅವರ ಮನೆಮಾತಿನಲ್ಲಿ ಬೆರೆತಿದ್ದವು. ತರ್ಕ ಬಿಟ್ಟ ಲೋಕವನ್ನು ವರ್ಣಿಸಲು ಮಾತು ಬೇಕಾದಾಗ ನಾಲಿಗೆಗೆ ಬಂದದ್ದು ಆ ಮಾತೇ. ಪೋರ್ಟೊಬೆಲ್ಲೊ ರಸ್ತೆಯ ಅಂಗಡಿಯಲ್ಲಿ ಹಳೆಯ ಸಾಮ್ರಾಜ್ಯದ ಸೈನಿಕರ ಕೋಟುಗಳನ್ನು ಕೊಂಡು ತೊಡುವುದು ಅಂದಿನ ಫ್ಯಾಷನ್ ಆಗಿತ್ತು. ಪುಟ್ಟ ಹುಡುಗರು ಅಟ್ಟದ ಟ್ರಂಕಿನಿಂದ ತಾತನ ಕೋಟು ತೆಗೆದು ಹಾಕಿಕೊಂಡಂತೆ.

ನೆಲಮಾಳಿಗೆ ಮತ್ತು ಕಡಲ ಹಡಗು

ಹಾಡು ಜನರಿಗೆ ತಲುಪಿದ್ದು ಎರಡು ವಿಚಿತ್ರ ಸ್ಥಳಗಳಿಂದ. ಒಂದು ಲಂಡನ್ನಿನ ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯಲ್ಲಿದ್ದ ಐರಿಷ್ ನೃತ್ಯಶಾಲೆಯ ನೆಲಮಾಳಿಗೆ. 1966ರ ಡಿಸೆಂಬರ್ ಕೊನೆಯಲ್ಲಿ ಜೋ ಬಾಯ್ಡ್ ಮತ್ತು ಜಾನ್ ಹಾಪ್‌ಕಿನ್ಸ್ ಅಲ್ಲಿ ಯುಎಫ್‌ಒ ಕ್ಲಬ್ ಶುರುಮಾಡಿದರು. ಬಣ್ಣದ ಎಣ್ಣೆಯನ್ನು ಗಾಜಿನ ಪಟ್ಟಿಗಳ ನಡುವೆ ಹಾಕಿ, ಬಿಸಿ ದೀಪದಿಂದ ಗೋಡೆಗೆ ಬೀರಿದರೆ ಬಣ್ಣ ಉಬ್ಬಿ ಹರಿಯುತ್ತದೆ. ಅದರ ಮುಂದೆ ಪಿಂಕ್ ಫ್ಲಾಯ್ಡ್ ನುಡಿಸುತ್ತಿತ್ತು.

ಇನ್ನೊಂದು ಸ್ಥಳ ಸಮುದ್ರ. ಬಿಬಿಸಿಗೆ ದಿನಕ್ಕೆ ಇಷ್ಟೇ ಗಂಟೆ ರೆಕಾರ್ಡ್ ಹಾಕಬೇಕೆಂಬ ಕಟ್ಟುಪಾಡಿತ್ತು. 1964ರಿಂದ ರೇಡಿಯೊ ಕ್ಯಾರೊಲೈನ್, ರೇಡಿಯೊ ಲಂಡನ್‌ನಂಥ ಕೇಂದ್ರಗಳು ದೇಶದ ಎಲ್ಲೆಯಾಚೆ ಹಡಗು ನಿಲ್ಲಿಸಿ ದಿನವಿಡೀ ಪಾಪ್ ಪ್ರಸಾರ ಮಾಡಿದವು. ಅವನ್ನು ಕಡಲ್ಗಳ್ಳ ರೇಡಿಯೊ ಎಂದು ಕರೆಯುತ್ತಿದ್ದರು. ಅವರಿಗೂ ಮಿತಿಯಿತ್ತು. ಹಗ್ಗದಲ್ಲಿ ಒಣಗಿದ ಹೆಂಗಸರ ಬಟ್ಟೆ ಕದಿಯುವವನ ಬಗ್ಗೆ ಇದೆ ಎಂದು ಪಿಂಕ್ ಫ್ಲಾಯ್ಡ್‌ನ ಮೊದಲ ಸಿಂಗಲ್ 'ಆರ್ನಾಲ್ಡ್ ಲೇನ್' ಅನ್ನು ರೇಡಿಯೊ ಲಂಡನ್ ಹಾಕಲಿಲ್ಲ. 1967ರ ಆಗಸ್ಟ್ ನಡುವಿನಲ್ಲಿ ಹೊಸ ಕಾಯಿದೆ ಬಂದು ಹೆಚ್ಚಿನ ಹಡಗುಗಳ ಬಾಯಿ ಕಟ್ಟಿತು. ಸೆಪ್ಟೆಂಬರ್ 30ರಂದು ಬಿಬಿಸಿಯೇ ರೇಡಿಯೊ 1 ಎಂಬ ಪಾಪ್ ವಾಹಿನಿ ತೆರೆಯಿತು. ಅಂದು ಬೆಳಿಗ್ಗೆ ಪೂರ್ತಿಯಾಗಿ ಕೇಳಿಸಿದ ಮೊದಲ ಹಾಡು ಮೂವ್ ತಂಡದ 'ಫ್ಲವರ್ಸ್ ಇನ್ ದ ರೇನ್'. ನೆಲಮಾಳಿಗೆಯ ಸದ್ದು ಒಂಬತ್ತು ತಿಂಗಳಲ್ಲಿ ಬಿಬಿಸಿ ಬಾನುಲಿಯ ಮಂಗಳವಾದ್ಯವಾಗಿತ್ತು.

1967ರ ಬೇಸಿಗೆ

ಮೇ ತಿಂಗಳಲ್ಲಿ ಪ್ರೊಕೋಲ್ ಹಾರಮ್ ತಂಡದ 'ಎ ವೈಟರ್ ಶೇಡ್ ಆಫ್ ಪೇಲ್' ಬಂತು. ಹಳೆಯ ಜರ್ಮನ್ ಸಂಗೀತಕಾರ ಬಾಖ್‌ನ ನೆರಳಿರುವ ಆರ್ಗನ್, ಅರ್ಥ ಕೈಗೆ ಸಿಗದ ಮಾತು. ಆರು ವಾರ ಮೊದಲ ಸ್ಥಾನದಲ್ಲಿ ಕುಳಿತಿತು. ಟ್ರಾಫಿಕ್ ತಂಡದ 'ಹೋಲ್ ಇನ್ ಮೈ ಶೂ' ಸಿತಾರಿನ ಜೊತೆ ಪುಟ್ಟ ಹುಡುಗಿಯ ಮಾತನ್ನೂ ಇಟ್ಟುಕೊಂಡು ಎರಡನೇ ಸ್ಥಾನ ಮುಟ್ಟಿತು. ಜೂನ್ 1 'ಸಾರ್ಜೆಂಟ್ ಪೆಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಎಲ್‌ಪಿಯ ಬಿಡುಗಡೆಗೆ ಗೊತ್ತುಮಾಡಿದ್ದ ದಿನ. ಒಂದು ದಿನದಲ್ಲಿ ಹತ್ತು ಹಾಡು ಮುಗಿಸಿದ್ದ ತಂಡ ಇದಕ್ಕೆ ತಿಂಗಳುಗಟ್ಟಲೆ ಕೂತಿತ್ತು. ಕೊನೆಯ ಹಾಡಿಗೆ 40 ಜನರ ವಾದ್ಯವೃಂದ ಕರೆಸಿ, ತಗ್ಗು ಸ್ವರದಿಂದ ಶುರುಮಾಡಿ 24 ಆವರ್ತಗಳಲ್ಲಿ ಅವರವರ ದಾರಿಯಲ್ಲಿ ಮೇಲೇರಿ ಎಂದು ಹೇಳಿದ್ದರು. ಹಾಡಿನ ಸಾಹಿತ್ಯವನ್ನು ಕವರಿನ ಹಿಂದೆ ಅಚ್ಚು ಹಾಕಿದ್ದೂ ಹೊಸತು: ಕುಣಿಯಲು ಮಾತ್ರವಲ್ಲ, ಕುಳಿತು ಓದಿಕೊಂಡು ಕೇಳಲು. ಮುಖಪುಟದ ಗುಂಪಿನಲ್ಲಿ ಪರಮಹಂಸ ಯೋಗಾನಂದರು ಸೇರಿ ನಾಲ್ವರು ಭಾರತೀಯ ಯೋಗಿಗಳಿದ್ದಾರೆ. ಗಾಂಧೀಜಿಯ ಚಿತ್ರವೂ ಇತ್ತು. ಭಾರತದಲ್ಲಿ ಜನ ನೊಂದುಕೊಂಡಾರು ಎಂದು ಇಎಂಐ ತೆಗೆಸಿತು.

ಇಡೀ ಬ್ರಿಟನ್ ಬಣ್ಣದಲ್ಲಿ ಮುಳುಗಿತ್ತು ಎಂದುಕೊಂಡರೆ ತಪ್ಪಾಗುತ್ತದೆ. 'ಸ್ಟ್ರಾಬೆರಿ ಫೀಲ್ಡ್ಸ್', 'ಪೆನಿ ಲೇನ್' ಎರಡೂ ಇದ್ದ ತಟ್ಟೆ ಎರಡನೇ ಸ್ಥಾನಕ್ಕೇ ನಿಂತಿತು. ಮೊದಲ ಸ್ಥಾನ ಬಿಡದೆ ಕೂತದ್ದು ಎಂಗೆಲ್‌ಬರ್ಟ್ ಹಂಪರ್‌ಡಿಂಕ್ ಹಾಡಿದ ಸರಳ ವಿರಹಗೀತೆ 'ರಿಲೀಸ್ ಮಿ'. ಆ ಗಾಯಕ ಹುಟ್ಟಿದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ.

ಬಣ್ಣ ಇಳಿದದ್ದು

ಇಳಿಕೆಯ ಮೊದಲ ಗುರುತು ಆ ವರ್ಷದ ಡಿಸೆಂಬರ್ 26ರಂದೇ ಕಂಡಿತು. ಬೀಟಲ್ಸ್ ಮಾಡಿದ 'ಮ್ಯಾಜಿಕಲ್ ಮಿಸ್ಟರಿ ಟೂರ್' ಎಂಬ ಬಣ್ಣದ ಚಿತ್ರವನ್ನು ಬಿಬಿಸಿ ಕಪ್ಪು ಬಿಳುಪಿನಲ್ಲಿ ತೋರಿಸಿತು. ವಿಮರ್ಶಕರು ಹರಿಹಾಯ್ದರು.

ಇದಕ್ಕಿಂತ ನೋವಿನದು ಸಿಡ್ ಬ್ಯಾರೆಟ್ ಕಥೆ. 'ಸೀ ಎಮಿಲಿ ಪ್ಲೇ' ಬರೆದು ಇಪ್ಪತ್ತೊಂದಕ್ಕೇ ಹೆಸರಾದ ಕೇಂಬ್ರಿಜಿನ ಈ ಹುಡುಗ ಎಲ್‌ಎಸ್‌ಡಿಯನ್ನು ಮಿತಿಯಿಲ್ಲದೆ ಸೇವಿಸುತ್ತಿದ್ದರು. 1967ರ ಕೊನೆಗೆ ಮನಸ್ಸು ಹದಗೆಟ್ಟು, ವೇದಿಕೆಯಲ್ಲಿ ಗಿಟಾರ್ ತೂಗುಹಾಕಿಕೊಂಡು ಸುಮ್ಮನೆ ನಿಂತುಬಿಡುವುದೂ ಇತ್ತು. 1968ರ ಏಪ್ರಿಲಿನಲ್ಲಿ ಅವರು ತಂಡದಲ್ಲಿಲ್ಲ ಎಂದು ಪ್ರಕಟಿಸಲಾಯಿತು. ಎರಡು ಎಲ್‌ಪಿ ತಾವೊಬ್ಬರೇ ಮಾಡಿ, ಊರಿಗೆ ಮರಳಿ, ಚಿತ್ರ ಬರೆದುಕೊಂಡು, ತೋಟ ನೋಡಿಕೊಂಡು 2006ರಲ್ಲಿ ತೀರಿಕೊಂಡರು. ಆ ಕಾಲದ ಬಣ್ಣವನ್ನಷ್ಟೇ ನೆನೆಯುವವರು ಈ ಪುಟವನ್ನೂ ಓದಬೇಕು.

1968ರಲ್ಲಿ ದಾರಿ ಕವಲಾಯಿತು. ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಸರಳ ರಾಕ್ ಕಡೆಗೆ ಮರಳಿದರು. ಉದ್ದದ ರಚನೆ ಬಯಸಿದವರು ಮೆಲೋಟ್ರಾನನ್ನೂ ಎಲ್‌ಪಿಯನ್ನೂ ಹಿಡಿದು 'ಪ್ರೊಗ್ರೆಸಿವ್ ರಾಕ್' ಕಟ್ಟಿದರು. 1969ರ ಕಿಂಗ್ ಕ್ರಿಮ್ಸನ್ ಎಲ್‌ಪಿಯಲ್ಲಿ ಅದು ಪೂರ್ತಿ ರೂಪ ತಳೆಯಿತು. ಮಕ್ಕಳ ಲೋಕದ ಎಳೆಯನ್ನು ಸ್ಮಾಲ್ ಫೇಸಸ್ ಇನ್ನಷ್ಟು ಎಳೆದು, ತಂಬಾಕು ಡಬ್ಬಿಯಂತೆ ದುಂಡಗಿನ ಕವರಿನಲ್ಲಿ ಒಂದು ಕಥೆಯನ್ನೇ ಹೇಳಿದರು. ಕಿಂಕ್ಸ್ ಹಳ್ಳಿಯ ಹಸಿರು ಬಯಲನ್ನು ಉಳಿಸಿಕೊಳ್ಳುವ ಹಾಡುಗಳ ಎಲ್‌ಪಿ ತಂದರು. ಅಂದು ಅದನ್ನು ಕೊಂಡವರು ಕೆಲವೇ ಜನ.

ಜಾಂಬೀಸ್ ತಂಡದ್ದು ಇನ್ನೂ ವಿಚಿತ್ರ. 'ಪೆಪರ್ಸ್' ಮುಗಿದ ಬೆನ್ನಲ್ಲೇ ಅಬೇ ರೋಡ್‌ಗೆ ಬಂದು, ಅಲ್ಲೇ ಉಳಿದಿದ್ದ ಲೆನನ್ ಮೆಲೋಟ್ರಾನ್ ಬಳಸಿ 'ಒಡಿಸಿ ಅಂಡ್ ಒರಾಕಲ್' ಮುದ್ರಿಸಿದರು. ಕವರ್ ಬರೆದ ಗೆಳೆಯ 'ಒಡಿಸಿ' ಪದದ ಕಾಗುಣಿತ ತಪ್ಪಿದ್ದು ಹಾಗೇ ಅಚ್ಚಾಯಿತು. 1968ರ ಏಪ್ರಿಲಿನಲ್ಲಿ ಎಲ್‌ಪಿ ಬರುವ ಹೊತ್ತಿಗೆ ತಂಡ ಒಡೆದುಹೋಗಿತ್ತು. ಮರುವರ್ಷ ಅದರ ಕೊನೆಯ ಹಾಡು 'ಟೈಮ್ ಆಫ್ ದ ಸೀಸನ್' ಅಮೆರಿಕದಲ್ಲಿ ಮೂರನೇ ಸ್ಥಾನಕ್ಕೇರಿತು. ಹಾಡಲು ತಂಡವೇ ಇರಲಿಲ್ಲ.

ಎಲ್ಲಿಂದ ಕೇಳುವುದು

ಮೊದಲ ಸಲ ಕೇಳುವವರು ಬಂದ ಕ್ರಮದಲ್ಲೇ ಕೇಳಿದರೆ ಬೆಳವಣಿಗೆ ಕಿವಿಗೆ ತಿಳಿಯುತ್ತದೆ. 'ಸೀ ಮೈ ಫ್ರೆಂಡ್ಸ್' ಮೊದಲು, ಆಮೇಲೆ 'ನಾರ್ವೀಜಿಯನ್ ವುಡ್', ಆಮೇಲೆ 'ಟುಮಾರೊ ನೆವರ್ ನೋಸ್'. ಮೂರನ್ನೂ ಶ್ರುತಿಯ ಮೇಲೆ ಗಮನವಿಟ್ಟು ಕೇಳಿ. 'ಸೀ ಎಮಿಲಿ ಪ್ಲೇ', 'ಇಚಿಕೂ ಪಾರ್ಕ್' ಕೇಳುವಾಗ ಟೇಪಿನ ಕೆಲಸವನ್ನು ಹುಡುಕಿ. 'ವಿದಿನ್ ಯೂ ವಿದೌಟ್ ಯೂ' ಹಾಡಿನಲ್ಲಿ ದನಿಯ ಬೆನ್ನಿಗೇ ನಡೆಯುವ ದಿಲ್‌ರುಬಾ ಜೋಶಿ ಮತ್ತು ಗಜ್ಜರ್ ಅವರದು.

'ಸ್ಟ್ರಾಬೆರಿ ಫೀಲ್ಡ್ಸ್' ಕೊನೆಗಿರಲಿ, ಅದೂ ಇಯರ್‌ಫೋನ್ ಹಾಕಿಕೊಂಡು. ಗಡಿಯಾರದಲ್ಲಿ ಒಂದು ನಿಮಿಷ ಆಗುವುದನ್ನೇ ಕಾಯಿರಿ. ಆ ಕ್ಷಣದಲ್ಲಿ ಲೆನನ್ ದನಿ ಕೊಂಚ ದಪ್ಪವಾಗುತ್ತದೆ, ಸುತ್ತಲಿನ ಗಾಳಿ ಮಂದವಾಗುತ್ತದೆ, ಚೆಲ್ಲೊಗಳು ಒಳಗೆ ಬರುತ್ತವೆ. ಎರಡು ಟೇಪುಗಳನ್ನು ಕತ್ತರಿಸಿ ಅಂಟಿಸಿದ ಜಾಗ ಅದೇ.